ಅಂಚಿನಿಂದ ಹೊರಗೆ ಬಿದ್ದದ್ದು

ಪರದೆ ದೊಡ್ಡದಾಗುವುದಿಲ್ಲ. ಅದರ ಮೇಲೆ ಇರುವುದು ದೊಡ್ಡದಾಗುತ್ತದೆ, ಆಗ ಒಂದಷ್ಟು ಅಂಚಿನಿಂದ ಹೊರಗೆ ಬೀಳುತ್ತದೆ. ಇಷ್ಟು ಸಾದಾ ಸಂಗತಿ ಗ್ರಂಥಾಲಯದ ಈ ಸಹಾಯದ ಮೇಜಿನ ಹಿಂದೆ ಬಂದು ಕೂರುವವರೆಗೆ ತನಗೆ ಹೊಳೆದೇ ಇರಲಿಲ್ಲವಲ್ಲ ಎಂದುಕೊಳ್ಳುತ್ತ ವಿಬೆಕೆ ಮುದುಕ ಆಕ್ಸೆಲ್‌ನ ಟ್ಯಾಬ್ಲೆಟ್ಟನ್ನು ತನ್ನ ಕಡೆ ತಿರುಗಿಸಿಕೊಂಡಳು. ಸೆಟ್ಟಿಂಗ್ಸ್ ಒಳಗೆ ಎರಡು ಅಡ್ಡಗೆರೆ, ಒಂದೊಂದರ ಮೇಲೂ ಜಾರುವ ಒಂದು ಬೊಟ್ಟು. ಮೇಲಿನದು ಅಕ್ಷರವನ್ನು ಮಾತ್ರ ಹಿಗ್ಗಿಸುತ್ತದೆ. ಕೆಳಗಿನದು ಎಲ್ಲವನ್ನೂ ಹಿಗ್ಗಿಸುತ್ತದೆ: ಅಕ್ಷರ, ಚಿತ್ರ, ಒತ್ತುವ ಗುಂಡಿ, ಅವುಗಳ ನಡುವಿನ ಖಾಲಿ ಜಾಗ ಕೂಡ. ಖಾಲಿ ಜಾಗವೂ ಹಿಗ್ಗುತ್ತದೆ ಎಂಬುದು ಅವಳಿಗೆ ಪ್ರತಿ ಸಲವೂ ವಿಚಿತ್ರವಾಗಿ ಕಾಣುತ್ತಿತ್ತು. ಯಾರಿಗೂ ಓದಲು ಬೇಕಿಲ್ಲದ ಅದು ಯಾಕೆ ದೊಡ್ಡದಾಗಬೇಕು? ಅವಳು ಕೆಳಗಿನ ಬೊಟ್ಟನ್ನು ಬಲಕ್ಕೆ ತಳ್ಳಿದಳು. ಇಡೀ ವಾರದ ಹವಾಮಾನ ಒಮ್ಮೆ ಅದುರಿ, ಉಸಿರು ತುಂಬಿಕೊಂಡ ಹಾಗೆ ಉಬ್ಬಿ, ಒಂದೇ ಒಂದು ದಿನವಾಗಿ ನಿಂತಿತು.

"ಈಗ ಮಂಗಳವಾರ ಮಾತ್ರ ಕಾಣತ್ತೆ," ಎಂದ ಆಕ್ಸೆಲ್. "ಉಳಿದ ವಾರ ಎಲ್ಲಿಗೆ ಹೋಯ್ತು?"

"ಎಲ್ಲೂ ಹೋಗಿಲ್ಲ, ಕೆಳಗಿದೆ. ಬೆರಳಲ್ಲಿ ಮೇಲಕ್ಕೆ ತಳ್ಳಿದ್ರೆ ಬರತ್ತೆ."

"ಬೇಡ ಬಿಡು. ನನ್ನ ವಯಸ್ಸಿಗೆ ಒಂದು ದಿನ ಸಾಕು. ನಾಳೇದನ್ನ ನಾಳೆ ಬಂದು ಕೇಳ್ತೀನಿ."

"ನಾಳೆ ಈ ಮೇಜು ಇರಲ್ಲ ಆಕ್ಸೆಲ್. ಮಂಗಳವಾರ ಮಾತ್ರ."

"ನೋಡು, ಅದಕ್ಕೂ ಗೊತ್ತು. ಅದಕ್ಕೇ ಮಂಗಳವಾರ ಮಾತ್ರ ತೋರಿಸ್ತಿದೆ." ಅವನು ಟ್ಯಾಬ್ಲೆಟ್ಟನ್ನು ಉಣ್ಣೆಯ ಕೋಟಿನೊಳಗೆ ಬ್ರೆಡ್ಡಿನ ಹಾಗೆ ಸಿಕ್ಕಿಸಿಕೊಂಡು ಎದ್ದ. "ಶನಿವಾರ ಬರ್ತೀಯಲ್ಲ? ಪ್ರೆಬೆನ್‌ಗೆ ಎಪ್ಪತ್ತು. ಹೆರ್ರಿಂಗ್ ಮೀನು ನಾನೇ ನೆನೆಹಾಕಿದೀನಿ. ನೀನು ಬರದಿದ್ರೆ ಯಾರೂ ಉಪ್ಪು ಜಾಸ್ತಿ ಅಂತ ಮುಖದ ಮೇಲೆ ಹೇಳೋರಿರಲ್ಲ."

ನೋಡೋಣ ಎಂದಳು ವಿಬೆಕೆ. ಮೂರು ವಾರದಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು. ಬಿಟ್ಟುಹೋದ ಗಂಡನ ಹುಟ್ಟುಹಬ್ಬಕ್ಕೆ ಹೋಗುವುದು ಇಲ್ಲಿ ಯಾರಿಗೂ ದೊಡ್ಡ ವಿಷಯವಲ್ಲ. ಹೋಗದಿರುವುದೇ ದೊಡ್ಡ ವಿಷಯ. ಮಗಳು ಮರೆನ್ ಫೋನಿನಲ್ಲಿ ಇದನ್ನೇ ಇನ್ನೂ ನೇರವಾಗಿ ಹೇಳಿದ್ದಳು: "ಅಮ್ಮ, ನೀನು ಬರದಿದ್ರೆ ಎಲ್ಲಾರೂ ನಿನ್ನ ಬಗ್ಗೆನೇ ಮಾತಾಡ್ತಾರೆ. ಬಂದ್ರೆ ಯಾರೂ ತಿರುಗಿ ಸಹ ನೋಡಲ್ಲ." ಎರಡರಲ್ಲಿ ಯಾವುದು ತನಗೆ ಹೆಚ್ಚು ನೋವಿನದು ಎಂದು ವಿಬೆಕೆ ಮಗಳನ್ನು ಕೇಳಿರಲಿಲ್ಲ. ಗ್ರಂಥಾಲಯದ ಕಿಟಕಿಯಾಚೆ ಫೋಬೋರ್ಗ್ ಬಂದರು ನವೆಂಬರಿನ ಬೂದು ಬಣ್ಣಕ್ಕೆ ತಿರುಗಿತ್ತು. ದ್ವೀಪಕ್ಕೆ ಹೋಗುವ ದೋಣಿಯ ದೀಪ ಮಧ್ಯಾಹ್ನ ಮೂರು ಗಂಟೆಗೇ ಹೊತ್ತಿಕೊಂಡಿತ್ತು. ಮೇಜಿನ ಮುಂದಿನ ಕುರ್ಚಿ ಖಾಲಿಯಾಗಿದ್ದ ಆ ಹೊತ್ತಿನಲ್ಲಿ ಅವಳು ತನ್ನ ಕೈಗಳನ್ನೇ ನೋಡುತ್ತ ಕೂತಳು. ಎಷ್ಟು ಜನರ ಪರದೆಗಳು ಈ ಕೈಗಳ ಕೆಳಗೆ ಹಾದುಹೋಗಿವೆ! ತೆರಿಗೆ, ಆಸ್ಪತ್ರೆ, ಪಿಂಚಣಿ, ಕೋರ್ಟು, ಸರ್ಕಾರದ ಎಲ್ಲ ಪತ್ರಗಳೂ ಪರದೆಗೇ ಬರುವ ಈ ದೇಶದಲ್ಲಿ ಪರದೆ ತೆರೆಯಲು ಬಾರದವರು ತಮ್ಮ ಬದುಕನ್ನೇ ತಂದು ಈ ಮೇಜಿನ ಮೇಲೆ ಮಲಗಿಸುತ್ತಾರೆ. ಆಗ ಮೇಜಿನ ಹಿಂದಿರುವವರು ಮುಖ ಕಿಟಕಿಯ ಕಡೆ ತಿರುಗಿಸಬೇಕು. ಅದು ನಿಯಮ. ಕೈ ಗುಂಡಿಯ ಮೇಲೆ, ಕಣ್ಣು ಬಂದರಿನ ಮೇಲೆ. ಅವಳ ಜೊತೆ ಕೆಲಸ ಮಾಡುವ ಲೋನೆಗೆ ಇದು ಸುಲಭ. ಅವಳಿಗೆ ಬೇರೆಯವರ ಬದುಕು ಬೇಕಾಗಿಯೇ ಇಲ್ಲ. ವಿಬೆಕೆಗೆ ಮಾತ್ರ ಪ್ರತಿ ಸಲ ಕುತ್ತಿಗೆಯ ನರ ಬಿಗಿದು ಹಿಡಿಯಬೇಕಾಗುತ್ತಿತ್ತು. ಕುತೂಹಲ ಅವಳ ಹಳೆಯ ಚಟ. ಚಿಕ್ಕಂದಿನಲ್ಲಿ ಟ್ರೈನಿನಲ್ಲಿ ಎದುರು ಕೂತವರ ಪತ್ರ ತಲೆಕೆಳಗಾಗಿ ಓದಿ ಅಮ್ಮನಿಂದ ತೊಡೆ ಚಿವುಟಿಸಿಕೊಂಡವಳು ಅವಳು.

"ಲೋನೆ ಇಲ್ವಾ?" ಎಂಬ ದನಿ ಕೇಳಿ ತಲೆಯೆತ್ತಿದಳು. ಬೋಡಿಲ್ ನಿಂತಿದ್ದಳು. ಪ್ರೆಬೆನ್‌ನ ಹೆಂಡತಿ.

"ಲೋನೆಗೆ ರಜ. ಕೂತ್ಕೊಳ್ಳಿ."

ಬೋಡಿಲ್ ಕೂರಲಿಲ್ಲ. ಹಸಿರು ಕೋಟಿನ ತೋಳು ಒದ್ದೆಯಾಗಿತ್ತು, ಕೈಯಲ್ಲಿ ಬಟ್ಟೆಯ ಚೀಲ. ಹಲ್ಲಿನ ಆಸ್ಪತ್ರೆಯಲ್ಲಿ ಮುಂದಿನ ಮೇಜಿನಲ್ಲಿ ಕೂತು ಊರಿನವರ ಬಾಯಿಗಳ ದಿನ ಗೊತ್ತುಮಾಡುತ್ತಿದ್ದ ಹೆಂಗಸು. ಈಗ ನಿವೃತ್ತಿಯಾಗಿತ್ತು. ಹನ್ನೊಂದು ವರ್ಷದಲ್ಲಿ ಇವರಿಬ್ಬರೂ ಆಡಿದ ಮಾತುಗಳನ್ನೆಲ್ಲ ಒಟ್ಟು ಸೇರಿಸಿದರೆ ಒಂದು ಕಾಫಿ ಮುಗಿಯುವಷ್ಟೂ ಆಗುತ್ತಿರಲಿಲ್ಲ. ಸಣ್ಣ ಊರು. ಬ್ರೆಡ್ ಅಂಗಡಿಯಲ್ಲಿ, ಬಂದರಿನಲ್ಲಿ, ಮರೆನ್‌ಳ ಮದುವೆಯಲ್ಲಿ ತಲೆ ಬಾಗಿಸಿಕೊಂಡು ಮುಂದೆ ಹೋಗುವುದನ್ನು ಇಬ್ಬರೂ ಚೆನ್ನಾಗಿ ಕಲಿತಿದ್ದರು. ವಾಪಸ್ಸು ಹೋಗಿಬಿಡುತ್ತಾಳೆ ಎಂದು ವಿಬೆಕೆ ಅಂದುಕೊಂಡಳು, ಹೋಗಲಿ ಎಂದೂ ಅಂದುಕೊಂಡಳು. ಅದೇ ಕ್ಷಣಕ್ಕೆ, ಆ ಚೀಲದಲ್ಲಿ ಏನಿರಬಹುದು ಎಂದು ಅವಳ ಒಳಗೆ ಏನೋ ಕಿವಿ ನೆಟ್ಟಗೆ ಮಾಡಿತು.

"ಅಕ್ಷರ ದೊಡ್ಡದು ಮಾಡ್ಬೇಕಿತ್ತು ಅಷ್ಟೇ," ಎಂದಳು ಬೋಡಿಲ್ ಕೊನೆಗೆ, ಕುರ್ಚಿಯ ಬೆನ್ನನ್ನು ಕೈಯಿಂದ ತಡವಿ ಕೂರುತ್ತ. "ಇದು ಪ್ರೆಬೆನ್‌ದು. ಅವರ ಕಣ್ಣು ಮೊದಲಿನ ಹಾಗಿಲ್ಲ ನೋಡಿ."

ಟ್ಯಾಬ್ಲೆಟ್ ಮೇಜಿನ ಮೇಲೆ ಬಂತು. ಕಂದು ಚರ್ಮದ ಹೊದಿಕೆ, ಮೂಲೆಯಲ್ಲಿ ಹಿಟ್ಟಿನ ಕಲೆ. ಪ್ರೆಬೆನ್ ಹಿಟ್ಟು ಕಲಸುವುದನ್ನು ಕಲಿತನೇ ಎಂದು ವಿಬೆಕೆ ಯೋಚಿಸಿದಳು, ಕಲಿತಿರಲೂಬಹುದು, ಹನ್ನೊಂದು ವರ್ಷದಲ್ಲಿ ಒಬ್ಬ ಮನುಷ್ಯ ಏನೇನು ಕಲಿಯುವುದಿಲ್ಲ. ಆದರೆ ಕಣ್ಣು? ಹೋದ ಭಾನುವಾರವಷ್ಟೇ ಅವಳು ಅವನನ್ನು ಬಂದರಿನಲ್ಲಿ ಕಂಡಿದ್ದಳು. ಗಾಜಿನ ಹಿಂದೆ ಅಂಟಿಸಿದ ದೋಣಿಯ ವೇಳಾಪಟ್ಟಿಯನ್ನು ಕನ್ನಡಕವಿಲ್ಲದೆ, ಕೈ ಜೇಬಿನಲ್ಲಿಟ್ಟುಕೊಂಡು, ಯಾರೋ ಪ್ರವಾಸಿಗೆ ಜೋರಾಗಿ ಓದಿ ಹೇಳುತ್ತಿದ್ದ. ತನ್ನ ಕಣ್ಣಿನ ಬಗ್ಗೆ ಅವನಿಗೆ ಯಾವಾಗಲೂ ಒಂದು ಜಂಬ. ಮದುವೆಯಾದ ಹೊಸತರಲ್ಲಿ ದೂರದ ಹಡಗುಗಳ ಹೆಸರು ಓದಿ ಅವಳನ್ನು ಬೆರಗುಗೊಳಿಸಲು ನೋಡುತ್ತಿದ್ದ. ಅವಳು ಬೆರಗಾದಂತೆ ನಟಿಸುತ್ತಿದ್ದಳು, ಅವಳಿಗೂ ಅವು ಅಷ್ಟೇ ಸ್ಪಷ್ಟವಾಗಿ ಕಾಣುತ್ತಿದ್ದವು.

"ಯಾವುದನ್ನ ಓದೋಕೆ ಅವರಿಗೆ ಕಷ್ಟ ಆಗ್ತಿರೋದು? ಎಲ್ಲಾನೂ ದೊಡ್ಡದು ಮಾಡಬಹುದು, ಇಲ್ಲಾ ಅಕ್ಷರ ಮಾತ್ರ."

"ಎಲ್ಲಾನೂ. ಮತ್ತೆ ಇದನ್ನ," ಎಂದು ಬೋಡಿಲ್ ಬೆರಳಿನಿಂದ ಪರದೆಯ ಕೆಳಮೂಲೆಯನ್ನು ಮುಟ್ಟಿದಳು. ಬೆರಳು ಮೊದಲು ಬೇರೆ ಕಡೆ ಇಳಿಯಿತು, ಕ್ಯಾಮೆರಾ ತೆರೆದುಕೊಂಡು ಗ್ರಂಥಾಲಯದ ಸೂರು ಕಾಣಿಸಿತು. ಅವಳು ಏನೂ ಆಗದವಳಂತೆ ಅದನ್ನು ಮುಚ್ಚಿ ಮತ್ತೆ ಮುಟ್ಟಿದಳು. ಬರೆಯುವ ಪುಟವೊಂದು ತೆರೆದುಕೊಂಡಿತು.

ವಿಬೆಕೆ ಮುಖವನ್ನು ಕಿಟಕಿಗೆ ತಿರುಗಿಸಿದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು: ಸೆಟ್ಟಿಂಗ್ಸ್, ಎರಡು ಗೆರೆ, ಮೇಲಿನ ಬೊಟ್ಟು ಬಲಕ್ಕೆ. "ಇಷ್ಟು ಸಾಕಾ?"

"ಅವರಿಗೆ ಇನ್ನೂ ಸ್ವಲ್ಪ ಬೇಕಾಗಬಹುದು."

"ಇಷ್ಟು?"

"ಇನ್ನೂ."

ಮೇಲಿನ ಬೊಟ್ಟು ಗೆರೆಯ ಕೊನೆ ಮುಟ್ಟಿತು. ಕೆಳಗಿನದನ್ನೂ ತಳ್ಳಬೇಕಾಯಿತು. ತಳ್ಳುವಾಗ ಅವಳು ಬೋಡಿಲ್‌ಳನ್ನು ನೋಡಿದಳು, ಅದಕ್ಕೆ ನಿಯಮದ ಅಡ್ಡಿಯಿರಲಿಲ್ಲ. ಬೋಡಿಲ್ ಪರದೆಯನ್ನು ನೋಡುತ್ತಿರಲಿಲ್ಲ. ಪರದೆಯ ಎಡಕ್ಕೆ, ಪೆನ್ಸಿಲು ತುಂಬಿದ ಲೋಟವನ್ನು ನೋಡುತ್ತಿದ್ದಳು, ಬಹಳ ಗಮನವಿಟ್ಟು, ತುಟಿಗಳು ಮಾತ್ರ ಅಲುಗುತ್ತಿದ್ದವು. ಅವು ಓದುತ್ತಿದ್ದವು. ವಿಬೆಕೆಯ ಬೆರಳು ಬೊಟ್ಟಿನ ಮೇಲೆ ನಿಂತುಬಿಟ್ಟಿತು. ಚೀಸ್ ಅಂಗಡಿಯಲ್ಲಿ ಹೋದ ಚಳಿಗಾಲ ತಾನು ಮೊದಲ ಬಾರಿಗೆ, ಯಾವತ್ತೂ ಇಲ್ಲದ ಧೈರ್ಯ ಮಾಡಿ, ಹೇಗಿದ್ದೀರಿ ಎಂದು ಕೇಳಿದಾಗ ಈ ಹೆಂಗಸು ತನ್ನ ಕಿವಿಯ ಪಕ್ಕದ ಗೋಡೆಯನ್ನು ನೋಡಿ ಚೆನ್ನಾಗಿದೀನಿ ಎಂದಿದ್ದಳು. ಗೋಡೆಯನ್ನು. ಆ ಒಂದು ನೋಟವನ್ನು ವಿಬೆಕೆ ಮನೆಗೆ ಒಯ್ದು ತಿಂಗಳುಗಟ್ಟಲೆ ಸಾಕಿದ್ದಳು, ಮರೆನ್‌ಗೆ ಎರಡು ಸಲ ಹೇಳಿದ್ದಳು, ತಟ್ಟೆ ತೊಳೆಯುವಾಗ ಅದಕ್ಕೆ ತಕ್ಕ ಉತ್ತರಗಳನ್ನು ಕಟ್ಟಿ ಕೆಡವಿದ್ದಳು. ಬೋಡಿಲ್ ಸೈಕಲ್ಲನ್ನು ಹತ್ತದೆ ತಳ್ಳಿಕೊಂಡೇ ಓಡಾಡುವುದನ್ನು ನೋಡಿ, ಶೋಕಿ, ಎಂದುಕೊಂಡಿದ್ದಳು. ಈಗ ಆ ಎಲ್ಲವೂ ಒಟ್ಟಿಗೆ ಜಾಗ ಬದಲಿಸಿದವು. ನೋಟದ ನಡುಭಾಗ ಹೋಗಿ ಅಂಚು ಮಾತ್ರ ಉಳಿದವರು ಹಾಗೆ ನೋಡುತ್ತಾರೆ. ನೋಡಬೇಕಾದ್ದನ್ನು ನೋಡಿದರೆ ಅದು ಮಾಯವಾಗುತ್ತದೆ, ಅದಕ್ಕೇ ಪಕ್ಕಕ್ಕೆ ನೋಡುತ್ತಾರೆ. ಗ್ರಂಥಾಲಯದಲ್ಲಿ ಎಷ್ಟೋ ಮಂದಿಯನ್ನು ಕಂಡಿದ್ದಾಳೆ. ಈ ಒಬ್ಬಳನ್ನು ಮಾತ್ರ ಕಂಡಿರಲಿಲ್ಲ.

ನಾಚಿಕೆಗಿಂತ ಮೊದಲು ಬಂದದ್ದು ಬೆರಗು. ಹಾಗಾದರೆ ತಾನು ಇವಳಿಗೆ ಹೇಗೆ ಕಾಣುತ್ತಿರಬಹುದು? ಎರಡು ಕಿವಿ, ನಡುವೆ ಏನೂ ಇಲ್ಲದ ಹಾಗೆ?

"ಇದು ಸರಿಯಾಯ್ತು," ಎಂದಳು ಬೋಡಿಲ್ ಪೆನ್ಸಿಲಿನ ಲೋಟಕ್ಕೆ. "ಇಷ್ಟಿದ್ರೆ ಅವರು ಓದ್ತಾರೆ."

ಸರಿಯಾಯಿತೇ ಎಂದು ಖಚಿತಪಡಿಸಿಕೊಳ್ಳಲು ವಿಬೆಕೆ ಪರದೆಯ ಕಡೆ ತಿರುಗಿದಳು. ತಿರುಗಬಾರದಿತ್ತು. ಆದರೆ ಅಷ್ಟು ದೊಡ್ಡ ಅಕ್ಷರದ ಮುಂದೆ ಕಣ್ಣು ತಿರುಗಿಸುವುದು ಅಂಗಡಿಯ ಫಲಕದ ಮುಂದೆ ಕಣ್ಣು ತಿರುಗಿಸಿದ ಹಾಗೆ, ಅಷ್ಟು ಹೊತ್ತಿಗೆ ಓದಿ ಆಗಿರುತ್ತದೆ. ಪ್ರೀತಿಯ ಪ್ರೆಬೆನ್, ಎಂದಿತ್ತು. ಅರವತ್ತು, ಎಪ್ಪತ್ತರಂಥ ದುಂಡು ವರ್ಷದ ಹುಟ್ಟುಹಬ್ಬದಲ್ಲಿ ಹೆಂಡತಿ ಎದ್ದು ನಿಂತು ಮಾಡಲೇಬೇಕಾದ ಭಾಷಣ. ಅತಿಥಿಗಳ ಹಾಡು, ಮಕ್ಕಳ ಮಾತು, ಅವೆಲ್ಲಕ್ಕೂ ಮೊದಲು ಅದು. ಸಾಲಿಗೆ ಎರಡೋ ಮೂರೋ ಪದ ಮಾತ್ರ ಹಿಡಿಸಿದ್ದರಿಂದ ಅದು ಭಾಷಣದಂತೆ ಕಾಣದೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಕಾಣುತ್ತಿತ್ತು.

ಆ ದಿನ ಮಂಜಿನಲ್ಲಿ
ಇಂಜಿನ್ ಸತ್ತುಹೋಗಿ
ನೀನು ಒಬ್ಬನೇ
ದೋಣಿಯಲ್ಲಿ

ಅಂಚು. ಉಳಿದದ್ದು ಕೆಳಗೆ ಬಿದ್ದಿತ್ತು. ವಿಬೆಕೆಯ ಬೆರಳು, ಅವಳು ಬೇಡವೆಂದು ಹೇಳುವ ಮೊದಲೇ, ಪುಟವನ್ನು ಮೇಲಕ್ಕೆ ತಳ್ಳಿತು. ಹಾಡು ಹೇಳುತ್ತ ಹುಟ್ಟು ಹಾಕಿ ದಡ ಸೇರಿದೆ. ಆ ಕಥೆ ಹೇಳಿದ ಸಂಜೆಯೇ ನಾನು ನಿನ್ನನ್ನು ಆರಿಸಿಕೊಂಡೆ.

ಒಬ್ಬನೇ.

ಅದು ಮರೆನ್‌ಗೆ ಎರಡು ವರ್ಷವಾಗಿದ್ದ ಬೇಸಿಗೆ. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಇಬ್ಬರೂ ಆವೆರ್ನೆಕೋ ದ್ವೀಪದಿಂದ ವಾಪಸ್ಸು ಬರುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲೇ ಮಂಜು ಇಳಿದು, ಮೊದಲು ದಡ, ಆಮೇಲೆ ನೀರು, ಆಮೇಲೆ ದೋಣಿಯ ಮೂತಿಯೂ ಕಾಣದಾಯಿತು. ಆಗಲೇ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ದೊಡ್ಡ ದೋಣಿಯ ಕೊಂಬಿನ ಸದ್ದು ಎಲ್ಲಿಂದ ಬರುತ್ತಿದೆಯೆಂದು ಗೊತ್ತಾಗುತ್ತಿರಲಿಲ್ಲ, ಎಲ್ಲ ದಿಕ್ಕಿನಿಂದಲೂ ಬರುತ್ತಿತ್ತು. ಪ್ರೆಬೆನ್ ದೋಣಿಯ ತಳದಲ್ಲಿ, ಬಲೆಗಳ ನಡುವೆ, ಮೊಣಕಾಲು ಅಪ್ಪಿಕೊಂಡು ಕೂತುಬಿಟ್ಟ. ಅವನ ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ಹುಟ್ಟು ಹಾಕಿದ್ದು ಅವಳು. ಹಾಡಿದ್ದೂ ಅವಳೇ, ಮರೆನ್‌ಳನ್ನು ಮಲಗಿಸುವ ಹಾಡುಗಳನ್ನು ಒಂದಾದ ಮೇಲೊಂದು, ಅವನಿಗಾಗಿ. ಮಂಜು ಹರಿದು ಬಂದರಿನ ಕಲ್ಲುಕಟ್ಟೆ ಕಂಡಾಗ ಆಕ್ಸೆಲ್ ಹಗ್ಗ ಎಸೆದ. ಅರ್ಧ ಊರು ಅಲ್ಲಿ ನಿಂತಿತ್ತು. ಯಾರೋ ಕೇಳಿದರು, ಅವಳು ಉತ್ತರಿಸಿದಳು: ಪ್ರೆಬೆನ್ ಹುಟ್ಟು ಹಾಕಿದ. ಯಾಕೆ ಹಾಗೆ ಹೇಳಿದಳು? ಅವನ ಮುಖ ನೋಡಿ ಹೇಳಿದಳು. ಅದೊಂದು ಕೊಡುಗೆಯಾಗಿತ್ತು, ಕೋಟು ಹೊದಿಸಿದಷ್ಟು ಸಹಜವಾಗಿ ಕೊಟ್ಟಿದ್ದಳು. ಅವನು ಅದನ್ನು ತೊಟ್ಟುಕೊಂಡ. ಮುಂದೆ ಊಟದ ಮೇಜುಗಳಲ್ಲಿ ಆ ಕಥೆ ಬೆಳೆಯಿತು, ಅಲೆ ಎತ್ತರವಾಯಿತು, ದಾರಿ ಉದ್ದವಾಯಿತು. ಅವಳು ಪಕ್ಕದಲ್ಲಿ ಕೂತು ನಗುತ್ತಿದ್ದಳು. ಅವನು ಹಿಗ್ಗಿದ ಹಾಗೆಲ್ಲ ದೋಣಿಯಲ್ಲಿ ಅವಳ ಜಾಗ ಕಡಿಮೆಯಾಗುತ್ತ ಬಂದದ್ದು ಆಗ ಕಾಣಲಿಲ್ಲ. ಈಗ ಅವಳು ಅಂಚಿನಿಂದ ನೀರಿಗೇ ಬಿದ್ದಿದ್ದಳು.

ಏನೂ ಹೇಳಬೇಕಾಗಿಲ್ಲ. ಈ ಯೋಚನೆ ಬಹಳ ನಯವಾಗಿ ಬಂತು. ಏನೂ ಹೇಳದಿದ್ದರೆ ಸಾಕು. ಶನಿವಾರ ಬೋಡಿಲ್ ಎದ್ದು ನಿಲ್ಲುತ್ತಾಳೆ, ಒಬ್ಬನೇ ಎನ್ನುತ್ತಾಳೆ. ಹಗ್ಗ ಎಸೆದ ಆಕ್ಸೆಲ್ ಅಲ್ಲಿರುತ್ತಾನೆ, ಅಂದು ಕಲ್ಲುಕಟ್ಟೆಯ ಮೇಲಿದ್ದವರು ಇನ್ನೂ ಎಷ್ಟೋ ಮಂದಿ ಇರುತ್ತಾರೆ, ಆ ದೋಣಿಯ ಕಥೆ ಕೇಳುತ್ತಲೇ ಬೆಳೆದ ಮರೆನ್ ಇರುತ್ತಾಳೆ. ಎಲ್ಲರ ಕಣ್ಣೂ ತಟ್ಟೆಯ ಮೇಲೆ ಇಳಿಯುತ್ತವೆ. ಯಾರೋ ಕೆಮ್ಮುತ್ತಾರೆ. ಬೋಡಿಲ್‌ಗೆ ಆ ಮುಖಗಳು ಕಾಣುವುದೂ ಇಲ್ಲ, ಆಮೇಲೆ ಅಡುಗೆಮನೆಯಲ್ಲಿ ಯಾರಾದರೂ ಕರುಣೆಯಿಂದ ಹೇಳುವವರೆಗೆ. ತಾನು ಹೋಗಿ ಮೂಲೆಯ ಮೇಜಿನಲ್ಲಿ ಕೂತಿದ್ದರೆ ಸಾಕು, ಹೊಸ ಬೂದು ಶಾಲು ಹೊದ್ದು, ಸುಮ್ಮನೆ. ಹೊಟ್ಟೆಯಲ್ಲಿ ಬೆಚ್ಚಗಾದದ್ದನ್ನು ಅವಳು ಗಮನಿಸಿದಳು, ಇದೇನಿದು ಎಂದು ಸ್ವಲ್ಪ ಹತ್ತಿರದಿಂದ ನೋಡಿದಳು. ಹಿಗ್ಗಿಸಿ ನೋಡಿದಾಗ ಅದು ಸಂತೋಷದ ಹಾಗೆ ಕಾಣಲಿಲ್ಲ.

"ಏನಾದ್ರೂ ತೊಂದರೆನಾ?" ಎಂದಳು ಬೋಡಿಲ್.

"ಇಲ್ಲ." ವಿಬೆಕೆ ಟ್ಯಾಬ್ಲೆಟ್ಟನ್ನು ಅವಳ ಕಡೆ ನೂಕಿದಳು. ಬೋಡಿಲ್ ಹೊದಿಕೆ ಮುಚ್ಚಿದಳು, ಚೀಲ ತೆರೆದಳು. ಚೀಲದ ಬಾಯಿ ಸಿಗಲು ಅವಳಿಗೆ ಒಂದಿಷ್ಟು ಹೊತ್ತು ಹಿಡಿಯಿತು.

"ಬೋಡಿಲ್, ನಾನು ಓದಿಬಿಟ್ಟೆ."

ಕೈ ಚೀಲದಲ್ಲೇ ನಿಂತಿತು.

"ಓದಬಾರದಿತ್ತು. ಮುಖ ತಿರುಗಿಸಬೇಕು ಅನ್ನೋದು ನಮ್ಮ ನಿಯಮ. ಅಷ್ಟು ದೊಡ್ಡದಾಗಿತ್ತಲ್ಲ, ಕಣ್ಣಿಗೆ ಬಿತ್ತು." ಅರ್ಧ ಸುಳ್ಳು. ಅವಳು ಅದನ್ನೂ ಬಿಟ್ಟುಕೊಟ್ಟಳು. "ಕಣ್ಣಿಗೆ ಬಿದ್ದದ್ದು ಮೇಲಿನದು. ಕೆಳಗಿನದನ್ನ ನಾನೇ ತಳ್ಳಿ ಓದಿದೆ."

"ಲೋನೆ ಹೀಗೆ ಮಾಡ್ತಿರಲಿಲ್ಲ," ಎಂದಳು ಬೋಡಿಲ್. ದನಿಯಲ್ಲಿ ಸಿಟ್ಟು ಇತ್ತೋ ಇಲ್ಲವೋ ತಿಳಿಯಲಿಲ್ಲ. ಹಲ್ಲಿನ ಆಸ್ಪತ್ರೆಯ ದನಿ ಅದು, ಮುಂದಿನ ತಿಂಗಳು ಬನ್ನಿ ಎನ್ನುವ ದನಿ.

"ಮಾಡ್ತಿರಲಿಲ್ಲ. ಆದ್ರೆ ಅವಳು ಆ ದೋಣಿಲಿ ಇರಲಿಲ್ಲ. ನಾನಿದ್ದೆ."

ಗ್ರಂಥಾಲಯದ ಒಳಗೆಲ್ಲೋ ಪುಸ್ತಕದ ಗಾಡಿಯ ಚಕ್ರ ಕಿರುಗುಟ್ಟಿ ನಿಂತಿತು. ಬೋಡಿಲ್ ಚೀಲವನ್ನು ಮಡಿಲಿನಲ್ಲಿಟ್ಟುಕೊಂಡು ಪೆನ್ಸಿಲಿನ ಲೋಟವನ್ನು ನೋಡಿದಳು. ಅಂದರೆ ತನ್ನನ್ನು ನೋಡುತ್ತಿದ್ದಾಳೆ ಎಂದು ವಿಬೆಕೆ ಮೊದಲ ಸಲ ತಿಳಿದುಕೊಂಡಳು. ಅಷ್ಟು ದೀರ್ಘವಾಗಿ ಯಾರಾದರೂ ತನ್ನನ್ನು ನೋಡಿ ಎಷ್ಟು ಕಾಲವಾಗಿತ್ತೋ.

"ಒಬ್ಬರೇ ಇದ್ರು ಅಂತ ಅವರು ಹೇಳಿದ್ದು," ಎಂದಳು ಬೋಡಿಲ್. "ಇಲ್ಲ, ತಡೀರಿ. ಹಾಗೆ ಹೇಳಿರಲಿಲ್ಲ. ಇನ್ನೊಬ್ಬರಿದ್ರು ಅಂತ ಹೇಳಲಿಲ್ಲ, ಅಷ್ಟೇ. ಒಬ್ಬರೇ ಅಂತ ಬರೆದದ್ದು ನಾನು. ಕೇಳೋಕೆ ಚೆನ್ನಾಗಿರತ್ತೆ ಅಂತ."

"ಕೇಳೋಕೆ ಚೆನ್ನಾಗೇ ಇದೆ."

"ಶನಿವಾರ ಎಲ್ಲಾರಿಗೂ ಗೊತ್ತಿರತ್ತಾ ಇದು?"

"ಹಗ್ಗ ಎಸೆದದ್ದು ಆಕ್ಸೆಲ್."

"ಅಯ್ಯೋ ದೇವರೇ," ಎಂದಳು ಬೋಡಿಲ್ ಮೆಲ್ಲಗೆ. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ವಿಬೆಕೆ ಎದ್ದೇಬಿಟ್ಟಳು, ಆದರೆ ಅವಳು ನಗುತ್ತಿದ್ದಳು, ಮೂಗಿನಿಂದ ಸದ್ದಿಲ್ಲದೆ. "ಆಕ್ಸೆಲ್ ಅಲ್ಲೇ ಎದ್ದು ನಿಂತು ತಿದ್ತಿದ್ದ. ಬಾಯಲ್ಲಿ ಮೀನಿಟ್ಕೊಂಡು." ನಗು ಇದ್ದಕ್ಕಿದ್ದಂತೆ ಮುಗಿಯಿತು. "ನೀವು ಹೇಳದೆ ಇರಬಹುದಿತ್ತು."

"ಯೋಚಿಸಿದೆ."

"ನಾನಾಗಿದ್ರೆ ಹೇಳ್ತಿರಲಿಲ್ಲವೇನೋ." ಅವಳು ಹೊದಿಕೆಯ ಮೇಲಿನ ಹಿಟ್ಟಿನ ಕಲೆಯನ್ನು ಉಗುರಿನಿಂದ ಕೆರೆದಳು, ಅದನ್ನು ಕಾಣದೆಯೇ, ಬೆರಳ ನೆನಪಿನಿಂದ. "ಒಂದು ಕೇಳಲಾ? ಹುಟ್ಟು ಯಾರು ಹಾಕಿದ್ದು?"

ಕೊಟ್ಟದ್ದನ್ನು ವಾಪಸ್ಸು ಕೇಳುವುದೇ? "ಪ್ರೆಬೆನ್," ಎಂದಳು ವಿಬೆಕೆ. ಆ ಮಾತು ಕಲ್ಲುಕಟ್ಟೆಯ ಮೇಲೆ ಬಂದಷ್ಟೇ ಸರಾಗವಾಗಿ ಬಂತು, ಮೂವತ್ತು ಚಿಲ್ಲರೆ ವರ್ಷ ಅದು ಬಾಯಿಯ ಬಾಗಿಲಲ್ಲೇ ಕಾದು ನಿಂತಿತ್ತೋ ಎಂಬ ಹಾಗೆ.

"ಹೌದಾ," ಎಂದಳು ಬೋಡಿಲ್. "ಈಗಲೂ ಮಂಜು ಬಂದ್ರೆ ಅವರು ಮನೆಯ ದೀಪ ಎಲ್ಲಾ ಹಚ್ಚಿ ಕೂರ್ತಾರೆ. ರೇಡಿಯೋ ಜೋರು ಮಾಡ್ತಾರೆ. ಕಸ ಹಾಕೋಕೆ ಸಹ ಹೊರಗೆ ಹೋಗಲ್ಲ. ಮಂಜಿನಲ್ಲಿ ಹುಟ್ಟು ಹಾಕಿದ ಮನುಷ್ಯನಿಗೆ ಯಾಕೆ ಹೀಗೆ ಅಂತ ನಾನು ಎಷ್ಟು ಸಲ ಯೋಚಿಸಿದೀನಿ." ಅವಳು ಉತ್ತರಕ್ಕೆ ಕಾಯಲಿಲ್ಲ. ಟ್ಯಾಬ್ಲೆಟ್ ತೆರೆದು ಮೇಜಿನ ಮಧ್ಯಕ್ಕೆ ಇಟ್ಟಳು. "ಅದನ್ನ ಅಳಿಸಿ. ದೋಣಿನ. ಅದು ನಿಮ್ಮಿಬ್ಬರದ್ದು, ನನಗೆ ಅದರಲ್ಲಿ ಜಾಗ ಇಲ್ಲ."

"ನೀವೇ ಅಳಿಸಿ. ಭಾಷಣ ನಿಮ್ಮದು."

"ಬರೆದದ್ದು ಬಾಯಲ್ಲಿ ಹೇಳಿ. ನನಗೆ ಅಳಿಸೋ ಗುಂಡಿ ಕಾಣಲ್ಲ," ಎಂದಳು ಬೋಡಿಲ್. ತಡವಾಗಿ ಅರಿವಾದವಳಂತೆ ಬಾಯಿ ಮುಚ್ಚಿಕೊಂಡಳು. ಮತ್ತೆ ತೆಗೆದಳು. "ನಿಮಗೆ ಗೊತ್ತಾಗಿತ್ತಲ್ಲ."

"ಆಗಲೇ. ಲೋಟ ನೋಡ್ತಿದ್ರಲ್ಲ, ಆವಾಗ."

"ಅವರಿಗೆ ಗೊತ್ತಿಲ್ಲ. ನನ್ನ ಅಮ್ಮನಿಗೂ ಹೀಗೇ ಆಯ್ತು. ಅಪ್ಪ ಮೊಣಕೈ ಹಿಡಿದು ನಡೆಸೋಕೆ ಶುರು ಮಾಡಿದ್ರು, ಬಾಗಿಲಿಂದ ಬಾಗಿಲಿಗೆ, ಮನೆಯೊಳಗೂ. ಒಳ್ಳೆ ಮನುಷ್ಯ. ಆದ್ರೆ ಆಮೇಲೆ ಅಮ್ಮ ಎಲ್ಲೂ ತಾನಾಗಿ ಹೋಗ್ಲಿಲ್ಲ. ನನ್ನ ಮೊಣಕೈ ಇನ್ನೂ ನನ್ನದೇ ಇರಲಿ ಅಂತ." ಅವಳು ಕೋಟಿನ ತೋಳನ್ನು ನೇವರಿಸಿಕೊಂಡಳು. "ಮೂರು ಚಳಿಗಾಲ ಆಯ್ತು. ಒಲೆ, ಹಿಟ್ಟು, ಮೆಟ್ಟಿಲು ಎಲ್ಲಾ ಕೈಗೆ ಗೊತ್ತು. ಪತ್ರಿಕೆ ಮಾತ್ರ ಆಗ್ಲಿಲ್ಲ. ಅದಕ್ಕೆ ಒಂದಿನ ಹೇಳಿದೆ, ನಿಮ್ಮ ದನಿ ಇಷ್ಟ, ನೀವೇ ಓದಿ ಅಂತ. ಅವತ್ತಿಂದ ದಿನಾ ಬೆಳಿಗ್ಗೆ ಓದ್ತಾರೆ. ಮೊದಲ ಪುಟದಿಂದ ಸತ್ತವರ ಸುದ್ದಿವರೆಗೆ. ಮಂತ್ರಿಗಳ ಮಾತು ಬಂದ್ರೆ ಅವರವರ ದನಿ ಮಾಡ್ತಾರೆ."

ಪ್ರೆಬೆನ್ ಓದುತ್ತಾನೆ. ವಿಬೆಕೆ ಅದನ್ನು ಕಾಣಲು ಪ್ರಯತ್ನಿಸಿದಳು. ಇಪ್ಪತ್ತೈದು ವರ್ಷದಲ್ಲಿ ಅವನು ಮನೆಯೊಳಗೆ ಏನನ್ನೂ ಜೋರಾಗಿ ಓದಿದ್ದಿಲ್ಲ. ಮಗುವಿಗೆ ಕಥೆ ಓದು ಎಂದರೆ ನನಗೆ ಬರಲ್ಲ ಎನ್ನುತ್ತಿದ್ದ. ಅವಳಿಗೆ ಓದಲು ಬರುತ್ತಿತ್ತು, ಹಾಡಲು, ಹುಟ್ಟು ಹಾಕಲು, ದೂರದ ಹಡಗಿನ ಹೆಸರು ಹಿಡಿಯಲು ಬರುತ್ತಿತ್ತು. ಅವನಿಂದ ಅವಳು ಏನನ್ನಾದರೂ ಕೇಳಿದ್ದಳೇ? ದನಿ ಇಷ್ಟ ಎಂದಿದ್ದಳೇ? ದೋಣಿಯ ಕಥೆ ಕಳೆದುಹೋದದ್ದಕ್ಕೆ ಆಗದ ನೋವು, ಬ್ರೆಡ್ಡಿನ ಚೂರು ಬಿದ್ದ ಒಂದು ಪತ್ರಿಕೆಗೆ, ಒಬ್ಬ ಮುದುಕ ಮಂತ್ರಿಗಳ ದನಿ ಮಾಡುವ ಒಂದು ಅಡುಗೆಮನೆಗೆ ಆಯಿತು. ಅದರ ಜೊತೆಗೇ, ತೀರ ಬೇರೆಯದೊಂದು: ಅವನ ಆ ದನಿ ಹೇಗಿರಬಹುದು? ಕೇಳಬೇಕಿತ್ತು.

"ಅದನ್ನೇ ಹೇಳಿ," ಎಂದಳು. "ಪತ್ರಿಕೇದು."

"ಹೇಳಿದ್ರೆ ಕಣ್ಣಿನ ವಿಷಯ ಹೊರಬೀಳತ್ತೆ."

"ದನಿ ಇಷ್ಟ ಅಂತ ಹೇಳಿದ್ದು ಸುಳ್ಳಾ?"

ಬೋಡಿಲ್ ಯೋಚಿಸಿದಳು. "ಮೊದಲನೇ ದಿನ ಸುಳ್ಳು."

"ಮತ್ತೆ?"

"ಬರ್ಕೊಳ್ಳಿ," ಎಂದಳು ಬೋಡಿಲ್.

ವಿಬೆಕೆ ದೋಣಿಯನ್ನು ಅಳಿಸಿದಳು. ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತಿ ಹಿಡಿದರೆ ಪದಗಳು ಒಂದೊಂದಾಗಿ ಕರಗಿಹೋಗುತ್ತವೆ, ದಡ ಹೋಯಿತು, ಹುಟ್ಟು, ಹಾಡು, ದೋಣಿ, ಒಬ್ಬನೇ, ಇಂಜಿನ್, ಮಂಜು. ಕೊನೆಗೆ ಪ್ರೀತಿಯ ಪ್ರೆಬೆನ್ ಮಾತ್ರ ಉಳಿಯಿತು. ಬೋಡಿಲ್ ಹೇಳುತ್ತ ಹೋದಳು, ಅವಳು ಬರೆಯುತ್ತ ಹೋದಳು. ಮಧ್ಯೆ ಮಧ್ಯೆ ಬೋಡಿಲ್ ನಿಲ್ಲಿಸಿ, ಅದು ಚೆನ್ನಾಗಿಲ್ಲ ಅಲ್ವಾ, ಎನ್ನುವಳು. ಚೆನ್ನಾಗಿದೆ, ಎನ್ನುವಳು ಇವಳು. ಬರೆದು ಮುಗಿದಾಗ ಹೊರಗೆ ಪೂರ್ತಿ ಕತ್ತಲಾಗಿತ್ತು, ಗ್ರಂಥಾಲಯದ ಹುಡುಗಿ ಕಾಫಿಯ ಯಂತ್ರವನ್ನು ಒರೆಸುತ್ತಿ­ದ್ದಳು.

"ಆದ್ರೆ ನಿಂತ್ಕೊಂಡು ಓದೋದು ಹೇಗೆ?" ಎಂದಳು ಬೋಡಿಲ್. "ಪರದೆ ಇಲ್ಲಿ ಇಟ್ಕೊಂಡು ಕಣ್ಣು ಅಲ್ಲಿ ಇಟ್ರೆ ಎಲ್ಲಾರೂ ನೋಡ್ತಾರೆ, ಇವಳಿಗೇನಾಯ್ತು ಅಂತ. ಓದಿ ಮುಗಿಸೋಕ್ಕೆ ಮುಂಚೆನೇ ಮೊಣಕೈ ಹಿಡೀತಾರೆ."

ವಿಬೆಕೆಗೆ ಇದ್ದಕ್ಕಿದ್ದಂತೆ ಒಂದು ಯೋಚನೆ ಬಂತು. ಅಕ್ಷರ ಎಷ್ಟು ದೊಡ್ಡದಿರಬೇಕು ಎಂದಷ್ಟೇ ಇಬ್ಬರೂ ಇಷ್ಟು ಹೊತ್ತು ಕೇಳುತ್ತಿದ್ದರು, ಅದು ಎಲ್ಲಿರಬೇಕು ಎಂದು ಕೇಳಿರಲಿಲ್ಲ. ಅವಳು ಟ್ಯಾಬ್ಲೆಟ್ಟನ್ನು ಎತ್ತಿ ತನ್ನ ಕೆನ್ನೆಯ ಪಕ್ಕಕ್ಕೆ ಹಿಡಿದಳು. "ಪರದೆ ನೋಡಬೇಡಿ. ನನ್ನ ಮುಖ ನೋಡಿ."

"ನಿಮ್ಮ ಮುಖ ನೋಡಿದ್ರೆ ನಿಮ್ಮ ಮುಖ ಹೋಗತ್ತೆ."

"ಹೋಗಲಿ. ಅಕ್ಷರ ಬರತ್ತಾ?"

ಬೋಡಿಲ್‌ಳ ಕಣ್ಣುಗಳು ಲೋಟದಿಂದ ಎದ್ದವು. ಮೇಜು ದಾಟಿ, ಶಾಲಿನ ಗಂಟು ದಾಟಿ ಮೇಲೆ ಬಂದು ನೇರವಾಗಿ ವಿಬೆಕೆಯ ಕಣ್ಣುಗಳಲ್ಲಿ ನಿಂತವು. ತಿಳಿ ಕಂದು ಕಣ್ಣು, ಎಡಗಣ್ಣಿನಲ್ಲಿ ಒಂದು ಹಳದಿ ಚುಕ್ಕೆ. ಇಷ್ಟು ವರ್ಷದಲ್ಲಿ ಅವುಗಳ ಬಣ್ಣ ತನಗೆ ಗೊತ್ತಿರಲಿಲ್ಲ.

"ಸ್ವಲ್ಪ ಹತ್ತಿರ," ಎಂದಳು ಬೋಡಿಲ್. "ಹಾಂ. ಬಂತು."

"ಶನಿವಾರ ಪ್ರೆಬೆನ್ ಪಕ್ಕದಲ್ಲಿ, ಹೂವಿನ ಮುಂದೆ, ನಮ್ಮ ಪುಸ್ತಕದ ಸ್ಟ್ಯಾಂಡಿನ ಮೇಲೆ ಇಡ್ತೀನಿ. ನಾನೇ ಬಂದು ಇಡ್ತೀನಿ. ಎಲ್ಲಾರಿಗೂ ನೀವು ಅವರನ್ನೇ ನೋಡ್ತಿದೀರಿ ಅಂತ ಕಾಣತ್ತೆ. ಓದಿ."

ಬೋಡಿಲ್ ಓದತೊಡಗಿದಳು. "ನೀನು ದಿನಾ ಬೆಳಿಗ್ಗೆ ನನಗೆ ಪತ್ರಿಕೆ ಓದುತ್ತೀಯ," ಎಂದಳು, ವಿಬೆಕೆಯ ಕಣ್ಣಿನೊಳಗೇ ನೋಡುತ್ತ, ಯಾರನ್ನೂ ಕಾಣದೆ. "ನನಗೆ ಅಕ್ಷರ ಕಾಣುವುದಿಲ್ಲ ಎಂದು ನಿನಗೆ ನಾನು ಹೇಳಿಲ್ಲ. ಹೇಳಿದ್ದರೂ ನೀನು ಓದುತ್ತಿದ್ದೆ, ಆದರೆ ಆಗ ಅದು ಬೇರೆಯಾಗುತ್ತಿತ್ತು. ಮೊದಲ ದಿನ ನಿನ್ನ ದನಿ ಇಷ್ಟ ಎಂದು ಸುಳ್ಳು ಹೇಳಿದೆ. ಈಗ ನೀನು ಕೆಮ್ಮಿದರೂ ನನಗೆ ಕೋಣೆ ಬೆಳಗಾಗುತ್ತದೆ." ಅವಳ ದನಿ ಒಂದೇ ಒಂದು ಸಲ ತಡವರಿಸಿತು, ಸಾಲು ಮುರಿದಿದ್ದ ಕಡೆ. ಎದುರಿಗೆ ಕೂತವಳು ಕಣ್ಣು ಮಿಟುಕಿಸದೆ ಕೇಳಿದಳು. ಅವಳದಲ್ಲದ ಮಾತು ಅವಳ ಮುಖಕ್ಕೇ ಬಂದು ತಾಗುತ್ತಿತ್ತು. ತೋಳು ನೋಯತೊಡಗಿತ್ತು, ಇಳಿಸಲಿಲ್ಲ. ಪುಟ ಕೊನೆಯ ಅಂಚಿಗೆ ಬಂದು ಮಾತು ನಿಂತಾಗ ಬೋಡಿಲ್ ಹಾಗೆಯೇ ನೋಡುತ್ತ ಕಾದಳು, ಮತ್ತು ವಿಬೆಕೆ ಹೆಬ್ಬೆರಳಿನಿಂದ ಮುಂದಿನ ಸಾಲನ್ನು ಅವಳಿಗಾಗಿ ಮೇಲಕ್ಕೆ ತಳ್ಳಿದಳು.